ರುಬಿಡಿಯಂ ಸೆಲ್, ಲೇಸರ್, ಪಿವಿಸಿ ಪೈಪ್: ಹಾನ್ಲೆ ಪರಿಣಾಮದ ಸೆಟಪ್ ಕಟ್ಟಿದ ವಿವರ

ಗಾಜಿನ ಸೆಲ್ ಒಂದರಲ್ಲಿ ರುಬಿಡಿಯಂ ಆವಿ ಇದೆ. ಅದರ ಮೂಲಕ ಲೇಸರ್ ಹಾಯಿಸುತ್ತೇವೆ. ಪರಮಾಣುಗಳು ಆ ಬೆಳಕನ್ನು ಹೀರಿ ಸುತ್ತಲೂ ಚದುರಿಸುತ್ತವೆ. ಈಗ ಸೆಲ್‌ಗೆ ಪುಟ್ಟದೊಂದು ಕಾಂತಕ್ಷೇತ್ರ ಕೊಟ್ಟರೆ ಚದುರುವ ಬೆಳಕು ಜಾಸ್ತಿಯಾಗುತ್ತದೋ, ಕಡಿಮೆಯಾಗುತ್ತದೋ? ಎರಡೂ ಆಗಬಹುದು. ಲೇಸರ್ ಯಾವ ಗೆರೆಯ ಮೇಲೆ, ಅಂದರೆ ಪರಮಾಣು ಹೀರುವ ನಿರ್ದಿಷ್ಟ ಬಣ್ಣಗಳಲ್ಲಿ ಯಾವುದರ ಮೇಲೆ, ನಿಂತಿದೆ ಎನ್ನುವುದನ್ನು ಅದು ಅವಲಂಬಿಸಿದೆ. ಇದನ್ನು ಕಣ್ಣಾರೆ ತೋರಿಸುವ ಸೆಟಪ್ ಒಂದನ್ನು ನಮ್ಮ ಎಂಎಸ್ಸಿ ಲ್ಯಾಬಿಗೆ ಅಂತ ಕಟ್ಟಿದೆವು. ಕಟ್ಟುವಾಗ ಗೊತ್ತಾದ ವಿಷಯಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆ ಕಾಲೇಜಿನವರು ಕಟ್ಟುವಾಗ ಇದು ಕೈಗೆ ಬರಲಿ.

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಯೋಗದಲ್ಲಿ ಎಲ್ಲರೂ ಹೆದರುವುದು ಲೇಸರ್‌ಗೆ. ನಿಜವಾಗಿ ಸಮಯ ತಿನ್ನುವುದು ಕಾಂತಕ್ಷೇತ್ರ. ಅದೂ ನಾವು ಕೊಡುವ ಕ್ಷೇತ್ರವಲ್ಲ, ಕೋಣೆಯಲ್ಲಿ ಮೊದಲೇ ಇರುವ ಕ್ಷೇತ್ರ.

ಇದು ಹಳೆಯ ಸಂಗತಿ. 1923ರಲ್ಲಿ ಅಮೆರಿಕದ ವುಡ್ ಮತ್ತು ಎಲೆಟ್ ಪಾದರಸದ ಆವಿಯಿಂದ ಚದುರುವ ಬೆಳಕಿನ ಧ್ರುವೀಕರಣ (ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎನ್ನುವುದು) ಅಳೆಯುತ್ತಿದ್ದರು. ಭೂಮಿಯ ಕಾಂತಕ್ಷೇತ್ರದಷ್ಟು ಚಿಕ್ಕ ಕ್ಷೇತ್ರವೂ ಆ ಧ್ರುವೀಕರಣವನ್ನು ಕೆಡಿಸುತ್ತದೆ ಎನ್ನುವುದು ಅವರಿಗೆ ಕಂಡಿತು. ಮರುವರ್ಷವೇ ಗಟ್ಟಿಂಗನ್‌ನಲ್ಲಿ ವಿಲ್ಹೆಲ್ಮ್ ಹಾನ್ಲೆ ಅದಕ್ಕೆ ಕಾರಣ ಹೇಳಿದರು. ಬೆಳಕು ಪರಮಾಣುವನ್ನು ಒಂದು ನಿರ್ದಿಷ್ಟ ದಿಕ್ಕಿಗೆ ಜೋಡಿಸುತ್ತದೆ. ಕಾಂತಕ್ಷೇತ್ರ ಆ ಜೋಡಣೆಯನ್ನು ತಿರುಗಿಸುತ್ತದೆ. ಪರಮಾಣು ಬೆಳಕನ್ನು ಬಿಡುವುದರೊಳಗೆ ಅದು ಎಷ್ಟು ತಿರುಗಿತು ಎನ್ನುವುದು ಚದುರಿದ ಬೆಳಕಿನಲ್ಲಿ ಕಾಣುತ್ತದೆ. ಇದೇ ಹಾನ್ಲೆ ಪರಿಣಾಮ.

ಹಾನ್ಲೆಗೆ ಲೇಸರ್ ಇರಲಿಲ್ಲ. ಲೇಸರ್ ಬಂದ ಮೇಲೆ ಆಟವೇ ಬದಲಾಯಿತು. ಬೆಳಕು ಹೀರಿದ ರುಬಿಡಿಯಂ ಪರಮಾಣು ಏರುವ ಮೇಲಿನ ಶಕ್ತಿಮಟ್ಟ ಬದುಕುವುದು ಸುಮಾರು 26 ನ್ಯಾನೋಸೆಕೆಂಡ್ ಮಾತ್ರ. ಅಷ್ಟು ಹೊತ್ತಿನಲ್ಲಿ ಜೋಡಣೆ ಸಾಕಷ್ಟು ತಿರುಗಬೇಕಾದರೆ ಕೆಲವು ಗಾಸ್ ಕ್ಷೇತ್ರ ಬೇಕು (1 ಗಾಸ್ ಅಂದರೆ 100 ಮೈಕ್ರೋಟೆಸ್ಲಾ). ಆದರೆ ಲೇಸರ್ ಬೆಳಕು ಕೆಳಗಿನ ಮಟ್ಟದಲ್ಲಿರುವ ಪರಮಾಣುಗಳನ್ನೂ ಜೋಡಿಸಿಬಿಡುತ್ತದೆ. ಆ ಜೋಡಣೆ ಪರಮಾಣು ಬೀಮ್‌ನಿಂದ ಆಚೆ ಹೋಗುವವರೆಗೆ ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 270 ಮೀಟರ್ ಓಡುತ್ತದೆ. 2 ಮಿಲಿಮೀಟರ್ ಅಗಲದ ಬೀಮ್ ದಾಟಲು ಅದಕ್ಕೆ 7 ಮೈಕ್ರೋಸೆಕೆಂಡ್ ಬೇಕು. 26 ನ್ಯಾನೋಸೆಕೆಂಡ್ ಎಲ್ಲಿ, 7 ಮೈಕ್ರೋಸೆಕೆಂಡ್ ಎಲ್ಲಿ! ಹಾಗಾಗಿ ಈಗ ಸಾಕಾಗುವ ಕ್ಷೇತ್ರವೂ ಅಷ್ಟೇ ಚಿಕ್ಕದು. ಲೆಕ್ಕ ಹಾಕಿದರೆ ಸುಮಾರು 5 ಮೈಕ್ರೋಟೆಸ್ಲಾ ಬರುತ್ತದೆ. ನಮ್ಮ ಕಡೆ ಭೂಮಿಯ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅಂದರೆ ನೋಡಬೇಕಾದ ಸಿಗ್ನಲ್‌ನ ಅಗಲಕ್ಕಿಂತ ಎಂಟು ಪಟ್ಟು ದೊಡ್ಡ ಕ್ಷೇತ್ರ ಕೋಣೆ ತುಂಬ ಸುಮ್ನೆ ಕೂತಿದೆ.

ಲೇಸರ್

ನಾವು ಬಳಸುವ, ಡಿ2 ಎಂಬ ಹೆಸರಿನ ರುಬಿಡಿಯಂ ಗೆರೆ 780.24 ನ್ಯಾನೋಮೀಟರ್‌ನಲ್ಲಿದೆ. ಇದು ನಮ್ಮ ಅದೃಷ್ಟ. ಸಿಡಿ ಪ್ಲೇಯರ್‌ಗಳು ಬಳಸುತ್ತಿದ್ದದ್ದೂ 780ರ ಆಸುಪಾಸಿನ ಲೇಸರ್. ಅದಕ್ಕೇ ಈ ಬಣ್ಣದ ಡಯೋಡ್ ಸುಲಭವಾಗಿ ಸಿಗುತ್ತದೆ.

ಬರಿಯ ಡಯೋಡ್ ಸಾಕಾಗುವುದಿಲ್ಲ. ಅದರ ಬಣ್ಣ ಉಷ್ಣತೆಗೂ ಕರೆಂಟಿಗೂ ಓಡಾಡುತ್ತದೆ, ಮಧ್ಯೆ ಮಧ್ಯೆ ಜಿಗಿಯುತ್ತದೆ. ಆದ್ದರಿಂದ ಮುಂದೆ ಒಂದು ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಕೊರೆದ, ಬಣ್ಣ ಬೇರ್ಪಡಿಸುವ ಫಲಕ) ಇಟ್ಟು, ಬೆಳಕಿನ ಒಂದು ಪಾಲನ್ನು ಡಯೋಡ್‌ಗೇ ವಾಪಸ್ ಕಳಿಸಬೇಕು. ನಾವು ಬಳಸಿದ್ದು ಮಿಲಿಮೀಟರಿಗೆ 1800 ಗೆರೆಗಳ ಗ್ರೇಟಿಂಗ್. ಈ ಬಣ್ಣಕ್ಕೆ ಅದರ ಕೋನ 44.6 ಡಿಗ್ರಿ. 45 ಡಿಗ್ರಿಗೆ ಹತ್ತಿರ ಇರುವುದರಿಂದ ಹೊರಬರುವ ಬೀಮ್ ಹೆಚ್ಚುಕಡಿಮೆ 90 ಡಿಗ್ರಿ ತಿರುಗುತ್ತದೆ. ಮೌಂಟ್ ಮಾಡಿಸುವುದು ಇದರಿಂದ ಸುಲಭ. ಲೇತ್ ಕೆಲಸದವರಿಗೆ ಅಲ್ಯೂಮಿನಿಯಂ ಬ್ಲಾಕಿನ ಚಿತ್ರ ಕೊಟ್ಟರೆ ಸಾಕು. ಗ್ರೇಟಿಂಗ್‌ನ ಹಿಂದೆ ಬಜರ್‌ನಲ್ಲಿ ಬರುವ ಪೀಜೋ ಬಿಲ್ಲೆ (ವೋಲ್ಟೇಜ್ ಕೊಟ್ಟರೆ ಕೊಂಚ ಆಕಾರ ಬದಲಿಸುವಂಥದು) ಅಂಟಿಸಿದೆವು. ಅದಕ್ಕೆ ವೋಲ್ಟೇಜ್ ಏರಿಸಿ ಇಳಿಸಿದರೆ ಲೇಸರ್‌ನ ಬಣ್ಣ ನಿಧಾನವಾಗಿ ಅತ್ತಿತ್ತ ಸರಿಯುತ್ತದೆ. ಉಷ್ಣತೆ ಹಿಡಿದಿಡಲು ಕೆಳಗೆ ಪೆಲ್ಟಿಯರ್, ಅದನ್ನು ಅಳೆಯಲು ಪಕ್ಕದಲ್ಲಿ 10 ಕಿಲೋಓಮ್ ಥರ್ಮಿಸ್ಟರ್. ಕರೆಂಟ್ ಡ್ರೈವರ್‌ಗೆ 1993ರ ಲಿಬ್ರೆಕ್ಟ್-ಹಾಲ್ ಸರ್ಕ್ಯೂಟ್ ಹಿಡಿದೆವು. ಇಷ್ಟು ಕಡಿಮೆ ನಾಯ್ಸ್ ಇರುವ, ಕೈಯಲ್ಲಿ ಬೆಸುಗೆ ಹಾಕಬಹುದಾದ ಡ್ರೈವರ್ ಇನ್ನೊಂದಿಲ್ಲ ಎನ್ನುವುದು ನನ್ನ ಅನಿಸಿಕೆ.

ಸುರಕ್ಷತೆಯ ಮಾತು ಇಲ್ಲೇ ಬರಬೇಕು. 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಮಂಕಾದ ಕೆಂಪು ಚುಕ್ಕಿಯಂತೆ ಕಾಣುತ್ತದೆ. ಅದು ಮಂಕಾಗಿಲ್ಲ. ನಮ್ಮ ಕಣ್ಣಿಗೆ ಆ ಬಣ್ಣ ಗ್ರಹಿಸುವ ಶಕ್ತಿ ತೀರಾ ಕಡಿಮೆ, ಅಷ್ಟೇ. ರೆಟಿನಾ ಸುಡುವ ಶಕ್ತಿ ಪೂರ್ತಿ ಇರುತ್ತದೆ. ಈ ಅಲೆಯುದ್ದಕ್ಕೇ ಮಾಡಿದ ಕನ್ನಡಕ ಇಲ್ಲದೆ ಯಾರನ್ನೂ ಮೇಜಿನ ಹತ್ತಿರ ಬಿಡಬೇಡಿ. ಬೀಮ್‌ನ ಎತ್ತರದಲ್ಲಿ ಯಾರೂ ಕೂರುವಂತಿರಬಾರದು. ಬೆರಳಲ್ಲಿ ಉಂಗುರ, ಕೈಯಲ್ಲಿ ವಾಚ್ ಬೇಡ. ಬೀಮ್ ನೋಡಲು ಒಂದು ಹಳೆಯ ಸಿಸಿಟಿವಿ ಕ್ಯಾಮೆರಾ ಸಾಕು.

ಲೇಸರ್ ಸರಿಯಾದ ಬಣ್ಣಕ್ಕೆ ಬಂದ ಕ್ಷಣ ಆ ಕ್ಯಾಮೆರಾದಲ್ಲಿ ನೋಡಬೇಕು. ಅಲ್ಲಿಯವರೆಗೆ ಖಾಲಿ ಕಾಣುತ್ತಿದ್ದ ಸೆಲ್‌ನ ನಡುವೆ ಉದ್ದಕ್ಕೂ ಒಂದು ಬೆಳಕಿನ ಎಳೆ ಹೊತ್ತಿಕೊಳ್ಳುತ್ತದೆ. ಬಣ್ಣ ಕೊಂಚ ಸರಿದರೆ ಆರುತ್ತದೆ. ಬೆಳಕು ಸಾಕಷ್ಟು ಬಲವಾಗಿದ್ದರೆ ಒಂದೊಂದು ಪರಮಾಣುವೂ ಸೆಕೆಂಡಿಗೆ 1.9 ಕೋಟಿ ಫೋಟಾನ್‌ವರೆಗೆ ಚದುರಿಸಬಲ್ಲದು. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು.

ಪೀಜೋ ಜೊತೆಗೆ ಡಯೋಡ್‌ನ ಕರೆಂಟನ್ನೂ ಸ್ವಲ್ಪ ಸರಿಸಿದರೆ ಲೇಸರ್ ಜಿಗಿಯದೆ ದೂರ ಹೋಗುತ್ತದೆ. ಆಗ ಸೆಲ್ ದಾಟಿ ಬಂದ ಬೆಳಕಿನಲ್ಲಿ ನಾಲ್ಕು ಗುಣಿಗಳು ಕಾಣುತ್ತವೆ. ಹೊರಗಿನ ಎರಡು ರುಬಿಡಿಯಂ-87 ಐಸೊಟೋಪಿನದ್ದು, ಒಳಗಿನ ಎರಡು ರುಬಿಡಿಯಂ-85 ಐಸೊಟೋಪಿನದ್ದು. ನಿಸರ್ಗದಲ್ಲಿ 85 ಶೇಕಡಾ 72ರಷ್ಟು ಇರುವುದರಿಂದ ಒಳಗಿನ ಗುಣಿಗಳೇ ಆಳ. ಅವೆರಡರ ನಡುವಿನ ದೂರ ಸುಮಾರು 3 ಗಿಗಾಹರ್ಟ್ಸ್. ಈ ಬರಹದಲ್ಲಿ ಮುಂದೆ ಬರುವ ಎಫ್=2, ಎಫ್=3 ಎರಡೂ ಈ ಒಳಗಿನ ಗುಣಿಗಳೇ. ಪರಮಾಣುವಿನ ಕೆಳಗಿನ ಮಟ್ಟ ಎರಡಾಗಿ ಸೀಳಿರುತ್ತದೆ; ಎಫ್ ಎನ್ನುವುದು ಅವನ್ನು ಗುರುತಿಸುವ ಸಂಖ್ಯೆ. ಕಡಿಮೆ ಆವರ್ತನದ ಕಡೆ ಇರುವುದು ಎಫ್=3, ಹೆಚ್ಚಿನ ಕಡೆ ಇರುವುದು ಎಫ್=2.

ಲೇಸರನ್ನು ಲಾಕ್ ಮಾಡಬೇಕೇ, ಅಂದರೆ ಅದರ ಬಣ್ಣ ಸರಿಯದಂತೆ ಸರ್ಕ್ಯೂಟ್‌ನಿಂದ ಹಿಡಿದಿಡಬೇಕೇ ಎಂದು ವಿದ್ಯಾರ್ಥಿಗಳು ಕೇಳಿದರು. ಬೇಕಿಲ್ಲ. ಪರಮಾಣುಗಳ ಓಟದಿಂದ ಪ್ರತಿ ಗೆರೆಯೂ ಸುಮಾರು 500 ಮೆಗಾಹರ್ಟ್ಸ್ ಅಗಲವಾಗಿರುತ್ತದೆ. ಲೇಸರ್ ಹತ್ತಿಪ್ಪತ್ತು ಮೆಗಾಹರ್ಟ್ಸ್ ಸರಿದರೂ ಅದೇ ಗುಣಿಯೊಳಗೇ ಇರುತ್ತದೆ. ಮೇಲೆ ಒಂದು ಅಕ್ರಿಲಿಕ್ ಡಬ್ಬ ಮುಚ್ಚಿ ಫ್ಯಾನ್ ಗಾಳಿ ತಪ್ಪಿಸಿದರೆ ಸಾಕು.

ಮೇಜು, ಪೈಪ್, ತಂತಿ

ಲೇಸರ್ ಲ್ಯಾಬ್ ಅಂದರೆ ಉಕ್ಕಿನ ಮೇಜು ಅಂತ ಎಲ್ಲರ ತಲೆಯಲ್ಲಿದೆ. ಈ ಪ್ರಯೋಗಕ್ಕೆ ಅದು ಬೇಡ. ಉಕ್ಕು ತಾನೇ ಕಾಂತವಾಗಿರುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ಭಾರದ ಚಪ್ಪಡಿ ಎಂದರೆ ಕಪ್ಪು ಗ್ರಾನೈಟ್. ಆದರೆ ಆ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಕಣಗಳಿರುವುದು ಸಾಮಾನ್ಯ. ದಿಕ್ಸೂಚಿಯನ್ನು ಕಲ್ಲಿನ ಮೇಲೆ ನಿಧಾನವಾಗಿ ಸರಿಸಿ ನೋಡಿ, ಮುಳ್ಳು ಅಲ್ಲಾಡಿದರೆ ಆ ಕಲ್ಲು ಬಿಡಿ. ಕಡಪ ಕಲ್ಲು ಸುಣ್ಣದ ಕಲ್ಲು, ಅದರಲ್ಲಿ ಈ ತೊಂದರೆ ಇಲ್ಲ. ನಾವು ಅದನ್ನೇ ತಂದು ಕೆಳಗೆ ರಬ್ಬರ್ ಶೀಟ್ ಹಾಸಿದೆವು. ಸೆಲ್ ಹತ್ತಿರ ಒಂದೂ ಕಬ್ಬಿಣದ ಸ್ಕ್ರೂ ಇಲ್ಲ. ಹಿತ್ತಾಳೆ ಅಥವಾ ನೈಲಾನ್ ಮಾತ್ರ. ಸ್ಟೇನ್‌ಲೆಸ್ ಸ್ಟೀಲ್ ಎಂದು ಕೊಡುವುದನ್ನೂ ಒಮ್ಮೆ ಆಯಸ್ಕಾಂತ ಹಿಡಿದು ನೋಡಿ.

ಸೆಲ್ 75 ಮಿಲಿಮೀಟರ್ ಉದ್ದ, 25 ಮಿಲಿಮೀಟರ್ ಅಗಲ, ಒಳಗೆ ಬೇರೆ ಯಾವ ಅನಿಲವೂ ಇಲ್ಲ. ಅದನ್ನು 63 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ಥರ್ಮೋಕೋಲ್ ಬಳೆಗಳ ಮೇಲೆ ಕೂರಿಸಿದೆವು. ಪೈಪಿನ ಬದಿಯಲ್ಲಿ ಒಂದು ತೂತು, ಚದುರಿದ ಬೆಳಕು ಹೊರಬರಲು. ಪೈಪಿನ ಮೇಲೆ 20 ಗೇಜಿನ ಎನಾಮಲ್ ತಾಮ್ರದ ತಂತಿ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. 20 ಸೆಂಟಿಮೀಟರ್ ಉದ್ದಕ್ಕೆ 200 ಸುತ್ತು, ಒಂದೇ ಪದರ. ತೂತಿನ ಹತ್ತಿರ ತಂತಿಯನ್ನು ಎರಡೂ ಬದಿಗೆ ಸಮನಾಗಿ ಸರಿಸಿ ಸುತ್ತಬೇಕು. ಸುಮಾರು 40 ಮೀಟರ್ ತಂತಿ ಹಿಡಿಯಿತು, ರೆಸಿಸ್ಟೆನ್ಸ್ 1 ಓಮ್. ಲೆಕ್ಕದ ಪ್ರಕಾರ 1 ಆಂಪಿಯರ್‌ಗೆ 1.2 ಮಿಲಿಟೆಸ್ಲಾ. ನಮಗೆ ಬೇಕಾದದ್ದು ಅದರ ಹತ್ತನೇ ಒಂದು ಭಾಗ. ಪ್ಲಸ್ 100 ಮಿಲಿಆಂಪ್‌ನಿಂದ ಮೈನಸ್ 100ರವರೆಗೆ ತ್ರಿಕೋನದ ಅಲೆ ಕೊಟ್ಟರೆ ಆಯಿತು. ತಂತಿಯ ಸಾಲಿನಲ್ಲಿ 10 ಓಮ್‌ನ ರೆಸಿಸ್ಟರ್ ಹಾಕಿ, ಅದರ ವೋಲ್ಟೇಜನ್ನು ಆಸಿಲೋಸ್ಕೋಪಿನ ಅಡ್ಡ ಅಕ್ಷಕ್ಕೆ ಕೊಟ್ಟೆವು.

ಈ ಸುರುಳಿಯ ಕ್ಷೇತ್ರ ಬೀಮ್‌ನ ದಿಕ್ಕಿನಲ್ಲೇ ಇರುತ್ತದೆ. ಅಡ್ಡ ಇರುವ ಕ್ಷೇತ್ರವನ್ನು ಅಳಿಸಲು ಇನ್ನೆರಡು ಜೋಡಿ ಸುರುಳಿ ಬೇಕು. ಅವು ಚೌಕ, ಪ್ಲೈವುಡ್ ಚೌಕಟ್ಟಿನ ಮೇಲೆ ಸುತ್ತಿದವು. ಬದಿ 30 ಸೆಂಟಿಮೀಟರ್, ಒಂದೊಂದಕ್ಕೂ 30 ಸುತ್ತು, ಜೋಡಿಯ ನಡುವೆ 16.3 ಸೆಂಟಿಮೀಟರ್. ಚೌಕ ಸುರುಳಿಗೆ ನಡುವಿನ ದೂರ ಬದಿಯ 0.5445 ಪಟ್ಟು ಇರಬೇಕು, ಆಗಲೇ ಮಧ್ಯದಲ್ಲಿ ಕ್ಷೇತ್ರ ಸಮನಾಗಿರುವುದು. 1 ಆಂಪಿಯರ್‌ಗೆ ಸುಮಾರು 163 ಮೈಕ್ರೋಟೆಸ್ಲಾ ಸಿಗುತ್ತದೆ.

ಇಲ್ಲಿ ಒಂದು ವಿಷಯ ನಮ್ಮ ಊರುಗಳಿಗೆ ಅನುಕೂಲ. ಯುರೋಪಿನವರು ಬರೆದ ಪ್ರಯೋಗದ ಪುಸ್ತಕಗಳಲ್ಲಿ ಲಂಬದ ಸುರುಳಿಗೇ ಜಾಸ್ತಿ ಕರೆಂಟ್. ಅಲ್ಲಿ ಭೂಮಿಯ ಕ್ಷೇತ್ರ ಕಡಿದಾಗಿ ನೆಲದೊಳಗೆ ಇಳಿಯುತ್ತದೆ. ಕಾಂತೀಯ ಸಮಭಾಜಕ ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಹತ್ತಿರ. ಹಾಗಾಗಿ ದಕ್ಷಿಣ ಕರ್ನಾಟಕದಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಉತ್ತರಕ್ಕೆ ಮುಖ ಮಾಡಿ. ಬೀಮನ್ನು ದಕ್ಷಿಣೋತ್ತರವಾಗಿ ಇಟ್ಟರೆ ದೊಡ್ಡ ಪಾಲನ್ನು ಪೈಪಿನ ಸುರುಳಿಯೇ ನೋಡಿಕೊಳ್ಳುತ್ತದೆ. ಲಂಬದಲ್ಲಿ ಅಳಿಸಬೇಕಾದದ್ದು ಹತ್ತು ಮೈಕ್ರೋಟೆಸ್ಲಾ ಆಸುಪಾಸು ಮಾತ್ರ. ಪೂರ್ವ ಪಶ್ಚಿಮದಲ್ಲಿ ಇನ್ನೂ ಕಡಿಮೆ. ಇದನ್ನು ನೋಡಿಕೊಂಡೇ ಇಡೀ ಮೇಜನ್ನು ತಿರುಗಿಸಿ ಹಾಕಿದೆವು.

ಡಿಟೆಕ್ಟರ್ ಎರಡು, ಎರಡೂ ಬಿಪಿಡಬ್ಲ್ಯು34 ಫೋಟೋಡಯೋಡ್. ಒಂದು ಸೆಲ್ ದಾಟಿ ಬಂದ ಬೆಳಕಿಗೆ, ಇನ್ನೊಂದು ಪಕ್ಕದ ತೂತಿನಿಂದ ಬರುವ ಬೆಳಕಿಗೆ. ಲೇಸರನ್ನು 20 ಮೈಕ್ರೋವಾಟ್‌ಗೆ ಇಳಿಸಿದ್ದೇವೆ. ಬೆಳಕು ಜಾಸ್ತಿಯಾದರೆ ಸಿಗ್ನಲ್ ಅಗಲವಾಗಿ ಹರಡಿಕೊಳ್ಳುತ್ತದೆ. ಧ್ರುವೀಕರಣಕ್ಕೆ ಅಗ್ಗದ ಪೋಲರಾಯ್ಡ್ ಹಾಳೆ ಬಳಸಬೇಡಿ. ಈ ಬಣ್ಣದಲ್ಲಿ ಅದು ಸೋರುತ್ತದೆ. ಬೆಳಕನ್ನು ಧ್ರುವೀಕರಣದ ಪ್ರಕಾರ ಎರಡಾಗಿ ಬೇರ್ಪಡಿಸುವ ಪೋಲರೈಸಿಂಗ್ ಕ್ಯೂಬ್ ಒಂದಕ್ಕೆ ದುಡ್ಡು ಹಾಕುವುದೇ ಸರಿ.

50 ಹರ್ಟ್ಸ್ ಕಾಟ

ಲೇಸರನ್ನು ಎಫ್=2ರ ಗುಣಿಯ ನಡುವೆ ನಿಲ್ಲಿಸಿ, ಸುರುಳಿಗೆ ತ್ರಿಕೋನದ ಅಲೆ ಕೊಟ್ಟೆವು. ಪರದೆಯ ಮೇಲೆ ಒಂದು ಅಗಲವಾದ, ನಡುಗುವ ದಿಬ್ಬ ಬಂತು. ಸರಾಸರಿ ಹಾಕಿದರೆ ಇನ್ನೂ ಅಗಲ. ಆಸಿಲೋಸ್ಕೋಪಿನ ಟ್ರಿಗರನ್ನು ಮೇನ್ಸ್ ಲೈನಿಗೆ ಬದಲಿಸಿದಾಗ ನಡುಕ ನಿಂತ ಹಾಗೆ ಕಂಡಿತು. ಅಲ್ಲಿಗೆ ಕಳ್ಳ ಸಿಕ್ಕ. ಮೇನ್ಸ್‌ನ 50 ಹರ್ಟ್ಸ್ ಕಾಂತಕ್ಷೇತ್ರ ಸೊನ್ನೆಯ ಜಾಗವನ್ನೇ ಅತ್ತಿತ್ತ ಎಳೆಯುತ್ತಿತ್ತು.

ಮೇಜಿನ ಕೆಳಗಿದ್ದ ಪವರ್ ಸಪ್ಲೈ ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಬರುತ್ತಿದ್ದದ್ದೇ ಹೆಚ್ಚು. ಅದನ್ನು ಕೋಣೆಯ ಇನ್ನೊಂದು ಮೂಲೆಗೆ ಸಾಗಿಸಿದೆವು. ಚೌಕ ಸುರುಳಿಗಳನ್ನು ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್ ಬ್ಯಾಟರಿಗೆ ಹಾಕಿದೆವು, ಮಧ್ಯೆ ವೋಲ್ಟೇಜ್ ರೆಗ್ಯುಲೇಟರ್, ಕರೆಂಟ್ ಹೊಂದಿಸಲು ಹತ್ತು ಸುತ್ತಿನ ಪಾಟ್ (ಪೊಟೆನ್ಶಿಯೋಮೀಟರ್), ಕರೆಂಟಿನ ದಿಕ್ಕು ತಿರುಗಿಸಲು ಒಂದು ಸ್ವಿಚ್. ಸುರುಳಿಗೆ ಹೋಗುವ ಎರಡೂ ತಂತಿಯನ್ನು ಹೆಣೆದುಬಿಟ್ಟೆವು. ಗೋಡೆಯೊಳಗಿನ ವೈರಿಂಗ್‌ಗೆ ಏನೂ ಮಾಡಲಾಗದು. ಆದರೆ ಸೆಲ್ ಗೋಡೆಯಿಂದ ಎರಡು ಮೂರು ಅಡಿ ದೂರ ಇದ್ದರೂ ಬಹಳ ವ್ಯತ್ಯಾಸ ಆಗುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಸೆಲ್ ಸುತ್ತ ಮ್ಯೂ-ಮೆಟಲ್ ಎಂಬ ಮಿಶ್ರಲೋಹದ ಕವಚಗಳನ್ನು ಒಂದರೊಳಗೊಂದು ಹಾಕುತ್ತಾರೆ. ನಮ್ಮ ಬಜೆಟ್ಟಿಗೆ ಅದು ದೂರ, ಇಷ್ಟಕ್ಕೆ ಅದು ಬೇಕೂ ಇಲ್ಲ.

ಸೊನ್ನೆ ಹುಡುಕುವುದು

ಇದು ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಕೋಣೆಯ ಕ್ಷೇತ್ರ ಸೆಲ್‌ನ ಜಾಗದಲ್ಲಿ ಸೊನ್ನೆ ಆಗಿದೆ ಎಂದು ತಿಳಿಯುವುದು ಹೇಗೆ? ಫೋನಿನಲ್ಲಿರುವ ಕಾಂತಮಾಪಕ ಸುಮಾರಾಗಿ ದಾರಿ ತೋರಿಸುತ್ತದೆ. ಆದರೆ ಫೋನಿನ ಸ್ಪೀಕರ್‌ನಲ್ಲೇ ಆಯಸ್ಕಾಂತ ಇದೆ. ಅದರಿಂದ ಒಂದೆರಡು ಮೈಕ್ರೋಟೆಸ್ಲಾ ನಂಬಲಾಗದು. ಅಳೆಯುವ ಸಾಧನ ಸೆಲ್ ಒಳಗೇ ಇದೆ, ಅದನ್ನೇ ಕೇಳಬೇಕು.

ಬೀಮ್‌ನ ದಾರಿಯಲ್ಲಿ ಒಂದು ಕ್ವಾರ್ಟರ್-ವೇವ್ ಪ್ಲೇಟ್ ಇಟ್ಟು ಬೆಳಕನ್ನು ವೃತ್ತಾಕಾರದ ಧ್ರುವೀಕರಣಕ್ಕೆ ತಿರುಗಿಸಿ. ಅಂಥ ಬೆಳಕು ಪರಮಾಣುಗಳ ಸ್ಪಿನ್ (ಪುಟ್ಟ ಆಯಸ್ಕಾಂತದಂತೆ ವರ್ತಿಸುವ ಗುಣ) ಎಲ್ಲವನ್ನೂ ಬೀಮ್‌ನ ಉದ್ದಕ್ಕೆ ಸಾಲು ನಿಲ್ಲಿಸುತ್ತದೆ. ಪೈಪಿನ ಸುರುಳಿಯ ಕ್ಷೇತ್ರವೂ ಅದೇ ದಿಕ್ಕಿನದು. ಸ್ಪಿನ್ ತನ್ನ ಅಕ್ಷದ ಸುತ್ತಲೇ ತಿರುಗಿದರೆ ಏನೂ ಬದಲಾಗುವುದಿಲ್ಲ. ಹಾಗಾಗಿ ಸುರುಳಿಯ ಕರೆಂಟ್ ಎಷ್ಟೇ ಬದಲಿಸಿದರೂ ಪರದೆಯ ಮೇಲೆ ಸಪಾಟು ಗೆರೆ ಬರಬೇಕು.

ಬರುವುದಿಲ್ಲ. ಸೆಲ್ ದಾಟಿ ಬಂದ ಬೆಳಕಿನಲ್ಲಿ ನಡುವೆ ಒಂದು ಗುಣಿ ಕಾಣುತ್ತದೆ. ಉದ್ದದ ಕ್ಷೇತ್ರ ಸೊನ್ನೆಗೆ ಬಂದಾಗ ಅಡ್ಡ ಕ್ಷೇತ್ರ ಒಂದೇ ಉಳಿಯುತ್ತದೆ. ಅದು ಸ್ಪಿನ್‌ಗಳ ಸಾಲನ್ನು ಕೆಡಿಸುತ್ತದೆ. ಅಂದರೆ ಆ ಗುಣಿ ಪೂರ್ತಿ ಅಡ್ಡ ಕ್ಷೇತ್ರದ್ದು. ಒಂದು ಪಾಟ್ ತಿರುಗಿಸಿ ಗುಣಿಯನ್ನು ಆದಷ್ಟು ಚಿಕ್ಕದು ಮಾಡಿ, ಆಮೇಲೆ ಇನ್ನೊಂದು ಪಾಟ್, ಮತ್ತೆ ಮೊದಲನೆಯದು. ಸೊನ್ನೆಯ ತೀರಾ ಹತ್ತಿರ ಬಂದಾಗ ಗುಣಿ ಕಾಣದಷ್ಟು ಸಣ್ಣದಾಗಿ ಸರಿಯಾದ ಜಾಗ ಗುರುತಿಸುವುದು ಕಷ್ಟ. ಆಗ ಪಾಟನ್ನು ಆ ಕಡೆ ತಿರುಗಿಸಿ ಗುಣಿ ಒಂದು ಮಟ್ಟಕ್ಕೆ ಬಂದಾಗಿನ ಅಂಕಿ ಬರೆದುಕೊಳ್ಳಿ. ಈ ಕಡೆ ತಿರುಗಿಸಿ ಅದೇ ಮಟ್ಟಕ್ಕೆ ಬಂದಾಗಿನ ಅಂಕಿಯನ್ನೂ ಬರೆದುಕೊಳ್ಳಿ. ಎರಡರ ಮಧ್ಯದಲ್ಲಿ ಪಾಟ್ ನಿಲ್ಲಿಸಿ.

ಹೀಗೆ ನಿಲ್ಲಿಸಿದ ಮೇಲೆ ಕ್ವಾರ್ಟರ್-ವೇವ್ ಪ್ಲೇಟ್ ತೆಗೆದು ನೇರ ಧ್ರುವೀಕರಣಕ್ಕೆ ವಾಪಸ್ ಬಂದೆವು. ಮೊದಲು ಅಗಲ ದಿಬ್ಬವಾಗಿದ್ದದ್ದು ಈಗ ಚೂಪಾದ ಶಿಖರ. ಅರ್ಧ ಎತ್ತರದಲ್ಲಿ ಅದರ ಅಗಲ ಕರೆಂಟಿನಲ್ಲಿ ಸುಮಾರು 5 ಮಿಲಿಆಂಪ್, ಕ್ಷೇತ್ರದಲ್ಲಿ 6 ಮೈಕ್ರೋಟೆಸ್ಲಾ. ಲೆಕ್ಕ ಹೇಳಿದ್ದರ ಹತ್ತಿರವೇ ಇದೆ. ಎರಡು ಲೆನ್ಸ್ ಹಾಕಿ ಬೀಮನ್ನು 6 ಮಿಲಿಮೀಟರ್‌ಗೆ ಹಿಗ್ಗಿಸಿದಾಗ ಶಿಖರ ಅರ್ಧಕ್ಕಿಂತ ಕಿರಿದಾಯಿತು. ಪರಮಾಣು ಬೆಳಕಿನೊಳಗೆ ಜಾಸ್ತಿ ಹೊತ್ತು ಇದ್ದಷ್ಟೂ ಅದು ಕ್ಷೇತ್ರವನ್ನು ಜಾಸ್ತಿ ಸೂಕ್ಷ್ಮವಾಗಿ ಗಮನಿಸುತ್ತದೆ.

ಶಿಖರ ಬಂದದ್ದು ಸೊನ್ನೆ ಕರೆಂಟಿನಲ್ಲಿ ಅಲ್ಲ, 33 ಮಿಲಿಆಂಪ್ ಆಸುಪಾಸಿನಲ್ಲಿ. 1.2 ಮಿಲಿಟೆಸ್ಲಾದಿಂದ ಗುಣಿಸಿ ನೋಡಿ, 40 ಮೈಕ್ರೋಟೆಸ್ಲಾ. ಇದು ಭೂಮಿಯ ಕ್ಷೇತ್ರದ ಉತ್ತರ ಮುಖದ ಪಾಲು. ಬೇರೆ ಯಾವ ಮೀಟರೂ ಇಲ್ಲದೆ ರುಬಿಡಿಯಂ ಪರಮಾಣುಗಳೇ ಅದನ್ನು ಅಳೆದುಕೊಟ್ಟಿವೆ.

ಗೆರೆ ಬದಲಿಸಿದರೆ

ಈಗ ಮೊದಲ ಪ್ರಶ್ನೆಗೆ ಬರೋಣ. ಎಫ್=2 ಗೆರೆಯಲ್ಲಿ ಸೊನ್ನೆ ಕ್ಷೇತ್ರದ ಹತ್ತಿರ ಸೆಲ್ ದಾಟಿ ಬರುವ ಬೆಳಕು ಏರುತ್ತದೆ, ಪಕ್ಕದ ಡಿಟೆಕ್ಟರ್‌ನಲ್ಲಿ ಚದುರಿದ ಬೆಳಕು ಇಳಿಯುತ್ತದೆ. ಕಾರಣ ಏನೆಂದರೆ, ಇಲ್ಲಿ ನೇರ ಧ್ರುವೀಕರಣದ ಬೆಳಕನ್ನು ಹೀರದೇ ಇರುವ ಸ್ಥಿತಿಗಳು ಪರಮಾಣುವಿಗೆ ಉಂಟು. ಬೆಳಕು ಹೀರಿ ಬಿಡುತ್ತಾ ಹೋದ ಪರಮಾಣು ಯಾವಾಗಲೋ ಆ ಕತ್ತಲೆಯ ಸ್ಥಿತಿಗೆ ಬೀಳುತ್ತದೆ. ಬಿದ್ದ ಮೇಲೆ ಅದು ಚದುರಿಸುವುದನ್ನು ನಿಲ್ಲಿಸುತ್ತದೆ. ಕ್ಷೇತ್ರ ಇದ್ದರೆ ಆ ಸ್ಥಿತಿ ತಿರುಗಿ ಮತ್ತೆ ಬೆಳಕಿಗೆ ಸಿಗುತ್ತದೆ, ಚದುರಿಕೆ ಮುಂದುವರಿಯುತ್ತದೆ.

ಪೀಜೋ ವೋಲ್ಟೇಜ್ ಬದಲಿಸಿ ಲೇಸರನ್ನು 3 ಗಿಗಾಹರ್ಟ್ಸ್ ಆಚೆ, ಎಫ್=3 ಗೆರೆಗೆ ತಂದೆವು. ಬೇರೆ ಏನನ್ನೂ ಮುಟ್ಟಲಿಲ್ಲ. ಶಿಖರ ತಲೆಕೆಳಗಾಯಿತು. "ಸಾರ್, ವೈರ್ ಉಲ್ಟಾ ಆಯ್ತಾ?" ಎಂದು ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಕೇಳಿದಳು. ವೈರ್ ಸರಿಯಾಗಿಯೇ ಇತ್ತು. ಈ ಗೆರೆಯಲ್ಲಿ ಕೆಳಗಿನ ಎಫ್=3ರಿಂದ ಮೇಲಿನ ಎಫ್=4ಕ್ಕೆ ಹೋಗುವ ದಾರಿಯದೇ ಮೇಲುಗೈ. ಮೇಲಿನ ಎಫ್=2, ಎಫ್=3ಕ್ಕೆ ಹೋದ ಪರಮಾಣುಗಳು ಕೆಳಗೆ ಬರುವಾಗ ಕೆಳಗಿನ ಎಫ್=2 ಮಟ್ಟಕ್ಕೆ ಜಾರಿ ಆಟದಿಂದ ಹೊರಗಾಗುತ್ತವೆ. ಎಫ್=4ಕ್ಕೆ ಹೋದವು ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತವೆ. ಆ ದಾರಿಯಲ್ಲಿ ಕತ್ತಲೆಯ ಸ್ಥಿತಿಯೇ ಇಲ್ಲ. ಬದಲಿಗೆ ಬೆಳಕು ಪರಮಾಣುಗಳನ್ನು ಅತಿ ಹೆಚ್ಚು ಹೀರುವ ಸ್ಥಿತಿಯ ಕಡೆಗೇ ತಳ್ಳುತ್ತದೆ. ಹಾಗಾಗಿ ಸೊನ್ನೆ ಕ್ಷೇತ್ರದಲ್ಲಿ ಚದುರಿಕೆ ಗರಿಷ್ಠ. ಕ್ಷೇತ್ರ ಕೊಟ್ಟರೆ ಆ ಜೋಡಣೆ ಕೆಟ್ಟು ಚದುರಿಕೆ ಇಳಿಯುತ್ತದೆ.

ಇದು ಎಫ್=2ರ ಶಿಖರಕ್ಕಿಂತ ಸಣ್ಣ ಸಿಗ್ನಲ್, ದಾಟಿ ಬರುವ ಬೆಳಕಿನಲ್ಲಿ ಶೇಕಡಾ ಒಂದರ ಆಸುಪಾಸು. ಸೊನ್ನೆ ಸರಿಯಾಗಿ ಹುಡುಕದಿದ್ದರೆ ಕಾಣುವುದೇ ಇಲ್ಲ. ಆದ್ದರಿಂದ ಕಟ್ಟುವವರು ಎಫ್=2ರಿಂದ ಶುರು ಮಾಡಿ, ಅಲ್ಲಿ ಸೊನ್ನೆ ಹಿಡಿದು, ಆಮೇಲೆ ಎಫ್=3ಕ್ಕೆ ಹೋಗಿ.

ಈಗ ನಡೆಯುತ್ತಿರುವುದು

ಸೆಲ್ ದಾಟಿದ ಬೆಳಕಿನ ಧ್ರುವೀಕರಣವೂ ಕ್ಷೇತ್ರದ ಜೊತೆ ತಿರುಗುತ್ತದೆ. ಪರಮಾಣುಗಳ ಗೆರೆಯ ಹತ್ತಿರ ಈ ತಿರುಗುವಿಕೆ ದೊಡ್ಡದಾಗುತ್ತದೆ ಎಂದು ಮಕಾಲೂಸೊ ಮತ್ತು ಕಾರ್ಬಿನೊ 1898ರಲ್ಲೇ ಕಂಡಿದ್ದರು. ಅದನ್ನು ಅಳೆಯಲು ಸೆಲ್‌ನ ಆಚೆ 45 ಡಿಗ್ರಿಗೆ ತಿರುಗಿಸಿದ ಇನ್ನೊಂದು ಕ್ಯೂಬ್ ಇಟ್ಟು, ಅದರ ಎರಡೂ ಬಾಯಿಗೆ ಒಂದೊಂದು ಫೋಟೋಡಯೋಡ್ ಹಾಕುತ್ತಿದ್ದೇವೆ. ಎರಡರ ವ್ಯತ್ಯಾಸ ತೆಗೆದರೆ ಲೇಸರ್‌ನ ಏರಿಳಿತ ಕಳೆದುಹೋಗುತ್ತದೆ. ಆಂಪ್ಲಿಫೈಯರ್ ಬೋರ್ಡ್ ಬೆಸುಗೆ ಆಗಿದೆ. ಎರಡು ಡಯೋಡ್‌ಗಳ ಸಮತೋಲನಕ್ಕೆ ಧ್ರುವೀಕರಣದ ದಿಕ್ಕು ತಿರುಗಿಸುವ ಒಂದು ಹಾಫ್-ವೇವ್ ಪ್ಲೇಟ್ ಬರಬೇಕಿದೆ. ಅದು ಬಂದ ಮೇಲೆ ಚೌಕ ಸುರುಳಿಗಳ ಪಾಟ್‌ಗಳನ್ನು ಮತ್ತೊಮ್ಮೆ ಇದೇ ಕ್ರಮದಲ್ಲಿ ಸೊನ್ನೆಗೆ ತರಬೇಕು, ಏಕೆಂದರೆ ಹೊಸ ಮೌಂಟ್‌ನ ಸ್ಪ್ರಿಂಗ್‌ಗಳು ಉಕ್ಕಿನವು.